ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಅಕ್ಕೋರ ಕಾಗದಗಳು

ನಾನು ಕೆಲಸ ಮಾಡುವುದು ಕುಮಟೆಯ ಒಂದು ಕಾಲೇಜಿನಲ್ಲಿ. ಅಲ್ಲಿಯ ಗ್ರಂಥಾಲಯದ ಹಿಂದಿನ ಎರಡು ಕೋಣೆಗಳು ನಮ್ಮವು. ಈ ಕಡೆಯ ಬರಹಗಾರರು, ಹಾಡು ಸಂಗ್ರಹಿಸಿದವರು, ಊರಿನ ಚರಿತ್ರೆ ಬರೆದವರು ಬಿಟ್ಟುಹೋದ ಕರಡು, ಟಿಪ್ಪಣಿ, ಪತ್ರಗಳನ್ನು ಶುಚಿಮಾಡಿ, ವಿಂಗಡಿಸಿ, ಪೆಟ್ಟಿಗೆಗಳಲ್ಲಿಟ್ಟು, ಓದಬೇಕೆಂದು ಬಂದವರಿಗೆ ತೆಗೆದುಕೊಡುವುದು ನಮ್ಮ ಕೆಲಸ. ಇದನ್ನು ಮನೆಯವರಿಗೆ ವಿವರಿಸಿ ಹೇಳುವುದು ನನಗೆ ಯಾವತ್ತೂ ಸುಲಭವಾಗಿರಲಿಲ್ಲ. ನಮ್ಮದು ಭಟ್ಕಳ ಬಂದರಿನ ಮನೆ. ಅಪ್ಪ ಬೋಟಿಗೆ ಹೋಗುತ್ತಿದ್ದರು, ಅಮ್ಮ ಮೀನು ಮಾರುತ್ತಿದ್ದಳು. ಅಣ್ಣ ಬಂದರಿನ ಹತ್ತಿರದ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಾನೆ. ಧಾರವಾಡದಲ್ಲಿ ಓದು ಮುಗಿಸಿ, ಹಳೆಯ ಕಾಗದ ಉಳಿಸುವ ವಿದ್ಯೆಯನ್ನೇ ಬೇರೆಯಾಗಿ ಕಲಿತು ನಾನು ಈ ಕೆಲಸಕ್ಕೆ ಸೇರಿದಾಗ ಅಣ್ಣ ಕೇಳಿದ್ದ: "ಪುಸ್ತಕ ಇಟ್ಕಂಬುದು ಸರಿ. ಪುಸ್ತಕ ಆಗುಕೆ ಮುಂಚಿನ ಕಾಗ್ದ ಎಂತಕ್ಕೆ?"

ನಾನು ಏನೋ ಹೇಳಿದೆ. ಅವನು ತಲೆಯಾಡಿಸಿದ. ಒಪ್ಪಿ ಆಡಿಸಿದ್ದಲ್ಲ, ತಂಗಿ ಇಷ್ಟು ಓದಿದವಳು, ಏನೋ ಇರಬೇಕು ಎಂದು ಆಡಿಸಿದ್ದು.

ಮೂರು ವರ್ಷದ ಹಿಂದೆ ಅಕ್ಕೋರು ತಮ್ಮ ಕಾಗದಪತ್ರಗಳನ್ನು ನಮಗೆ ಕೊಡುವುದಾಗಿ ಒಪ್ಪಿದರು. ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರು. ಆದರೆ ನನಗೂ ಅಣ್ಣನಿಗೂ ಬರೇ ಅಕ್ಕೋರು ಎಂದರೆ ಅವರೊಬ್ಬರೇ. ಭಟ್ಕಳದ ಹೈಸ್ಕೂಲಿನಲ್ಲಿ ನಮಗಿಬ್ಬರಿಗೂ ಕನ್ನಡ ಕಲಿಸಿದವರು. ಕಥೆ ಬರೆಯುತ್ತಿದ್ದರು, ಪ್ರಬಂಧ ಬರೆಯುತ್ತಿದ್ದರು, ರಜೆಯಲ್ಲಿ ಹಳ್ಳಿಹಳ್ಳಿಗೆ ಹೋಗಿ ನಾಟಿ ಗದ್ದೆಯ ಹಾಡುಗಳನ್ನು ಬರೆದುಕೊಂಡು ಬರುತ್ತಿದ್ದರು. ನಮ್ಮ ಬಂದರಿನ ಹೆಂಗಸರು ಅವರ ಕಥೆಗಳಲ್ಲಿ ಬುಟ್ಟಿ ಹೊತ್ತು ನಡೆದರು, ಬಸ್ಸಿನ ಕಂಡಕ್ಟರನ ಹತ್ತಿರ ಜಗಳ ಮಾಡಿದರು. ಧಾರವಾಡದ ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ಅವರ ಪುಸ್ತಕ ಓದುತ್ತ ಕೂತದ್ದನ್ನು ನೋಡಿ, "ಇವರು ನಮ್ಮ ಅಕ್ಕೋರು" ಎಂದು ನಾನು ಬೀಗಿದ್ದು ಇನ್ನೂ ನೆನಪಿದೆ.

ನಿವೃತ್ತಿಯಾದ ಮೇಲೆ ಅವರು ಹೊನ್ನಾವರದಲ್ಲಿ ತಂಗಿಯ ಜೊತೆ ಇದ್ದಾರೆ. ತಂಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಇಬ್ಬರೂ ಮದುವೆಯಾಗಲಿಲ್ಲ. ಬೆಳಿಗ್ಗೆ ಒಬ್ಬರು ಗಟ್ಟಿಯಾಗಿ ಪೇಪರ್ ಓದುವುದು, ಇನ್ನೊಬ್ಬರು ಅದಕ್ಕೆ ತಕರಾರು ತೆಗೆಯುವುದು, ಹೀಗೆ ಅವರ ದಿನ ಶುರುವಾಗುತ್ತದೆ.

ಮೊದಲು ನಾನು ಕೇಳಲು ಹೋದಾಗ ಅಕ್ಕೋರು ತೆಗೆದಿಟ್ಟದ್ದು ಅಚ್ಚುಕಟ್ಟಾದ ಒಂದು ಕಟ್ಟು ಮಾತ್ರ. ಎಲ್ಲ ಚೊಕ್ಕ ಪ್ರತಿಗಳು. ಒಂದು ಗೀಟಿಲ್ಲ, ಕಾಟಿಲ್ಲ.

"ಉಳಿದದ್ದು?" ಎಂದೆ.

"ಉಳಿದದ್ದು ಎಂತದು? ಕಸ."

"ಆ ಕಸವೇ ಬೇಕು ಅಕ್ಕೋರೇ."

"ನಾನು ಹೊಡೆದು ಹಾಕಿದ್ದು ಬೇರೆಯವರು ಓದುದಕ್ಕಲ್ಲ. ಓದಬಾರದು ಅಂತ್ಲೇ ಹೊಡೆದದ್ದು."

ನಾನು ಅವರಿಗೆ ಎಂಟನೇ ಕ್ಲಾಸಿನ ಒಂದು ದಿನದ ವಿಷಯ ಹೇಳಿದೆ. ಅವತ್ತು ಅವರು ಬರೆಯುತ್ತಿದ್ದ ಕಥೆಯ ಒಂದು ಪುಟವನ್ನು ತರಗತಿಗೆ ತಂದು ಓದಿದ್ದರು. ಕಥೆಯ ಹೆಂಗಸು ಮಾರ್ಕೆಟಿನಲ್ಲಿ ಗಿರಾಕಿಯ ಹತ್ತಿರ ತುಂಬ ಮೆತ್ತಗೆ ಮಾತಾಡುತ್ತಿದ್ದಳು. ಹಿಂದಿನ ಬೆಂಚಿನ ಹುಡುಗಿಯರೆಲ್ಲ ನಕ್ಕೆವು. ಯಾಕೆ ನಗುತ್ತೀರಿ ಎಂದು ಅವರು ಕೇಳಿ, ನಮ್ಮ ತಾಯಂದಿರು ಹೇಗೆ ಮಾತಾಡುತ್ತಾರೆಂದು ನಮ್ಮಿಂದಲೇ ಆಡಿಸಿ, ಮೇಜಿನ ಮೇಲೆ ಕಾಗದವಿಟ್ಟು ಆ ಮಾತುಗಳನ್ನೆಲ್ಲ ಹೊಡೆದುಹಾಕಿ ಬೇರೆ ಬರೆದರು. ಬರೆದದ್ದನ್ನು ಅಳಿಸಬಹುದು, ದೊಡ್ಡವರೂ ಅಳಿಸುತ್ತಾರೆ ಎಂದು ನನಗೆ ತಿಳಿದದ್ದು ಆವತ್ತೇ.

"ಆ ಪುಟ ಇದ್ರೆ ಒಂದು ಹುಡುಗಿಗೆ ಮಾತ್ರ ಅಲ್ಲ, ಎಲ್ಲರಿಗೂ ತೋರಿಸಬಹುದು" ಎಂದೆ.

ಅಕ್ಕೋರು ಒಳಗೆ ಹೋಗಿ ಅಟ್ಟದ ಬೀಗದ ಕೈ ತಂದುಕೊಟ್ಟರು. "ಎಲ್ಲ ತಗಂಡು ಹೋಗು. ಮತ್ತೆ ನಾ ನಾಚಿಕೆಪಟ್ಟುಕೊಂಡ್ರೆ ನೀನೇ ಸಮಾಧಾನ ಮಾಡ್ಬೇಕು."

ಅಟ್ಟದಲ್ಲಿ ಇದ್ದದ್ದನ್ನು ಇಳಿಸಿ ನೋಡಿದಾಗ ನಾನೇ ದಂಗಾದೆ. ಶಾಲೆಯ ಉತ್ತರಪತ್ರಿಕೆಗಳ ಹಿಂದೆ ಬರೆದ ಕಥೆಗಳು, ನಾಲ್ಕಾರು ಬಾರಿ ತಿದ್ದಿದ ಕರಡುಗಳು, ಹಾಡು ಹೇಳಿಕೊಟ್ಟ ಹೆಂಗಸರ ಹೆಸರು, ಊರು, ಅವರು ಅಂದು ಯಾವ ಕೆಲಸ ಮಾಡುತ್ತ ಹಾಡಿದರು ಎಂಬ ವಿವರ, ಸಂಪಾದಕರು ವಾಪಸು ಕಳಿಸಿದ ಬರಹಗಳು, ಓದುಗರ ಪತ್ರಗಳು. ಒಂದು ಕಥೆಯ ಅಂಚಿನಲ್ಲಿ 'ಹುಳಿಪುಡಿ, ಬೆಲ್ಲ, ಟಾರ್ಚಿನ ಸೆಲ್ಲು' ಎಂದಿತ್ತು. ಅದನ್ನು ತೆಗೆಯಬೇಕೆಂದು ಅವರ ತಂಗಿ, ಇರಬೇಕೆಂದು ನಾನು. ಇದ್ದುಕೊಂಡಿತು.

ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಅವರ ಮನೆಯ ಮುಂದಿನ ಕೋಣೆಯಲ್ಲಿ ಪೇರಿಸಿದೆವು. ಸೋಮವಾರ ಕಾಲೇಜಿನ ಗಾಡಿ ಬರುವುದಿತ್ತು. ನಡುವಿನ ಶನಿವಾರ ಅಕ್ಕ ತಂಗಿ ಇಬ್ಬರೂ ನೆಂಟರ ಮನೆಯ ಕಾರ್ಯಕ್ಕೆಂದು ಶಿರಸಿಗೆ ಹೋಗಿದ್ದರು. ಭಾನುವಾರ ಬೆಳಿಗ್ಗೆ ಬಂದು ಬಾಗಿಲು ತೆಗೆದರೆ ಕೋಣೆಯ ತುಂಬ ನೀರು. ತಾರಸಿಯ ಮೇಲಿನ ನೀರಿನ ಟಾಂಕಿಯ ಪೈಪು ಬಿಟ್ಟುಹೋಗಿ, ಗೋಡೆಯ ಬಿರುಕಿನಿಂದ ಇಳಿದ ನೀರು ನೇರವಾಗಿ ಪೆಟ್ಟಿಗೆಗಳ ಮೇಲೆ ಸುರಿದಿತ್ತು.

ನನಗೆ ಫೋನು ಮಾಡಿದ್ದು ಅಕ್ಕೋರ ತಂಗಿ. "ಅಕ್ಕ ಮಾತಾಡುವ ಹಾಗಿಲ್ಲ. ನೀನು ಬಾ" ಎಂದರು, ಅಷ್ಟೇ.

ಕುಮಟೆಯಿಂದ ಹೊನ್ನಾವರಕ್ಕೆ ಏನು ಮಹಾ ದೂರ! ಆವತ್ತು ಆ ದಾರಿ ಮುಗಿಯಲೇ ಇಲ್ಲ. ಹೋಗಿ ನೋಡಿದರೆ ಅಕ್ಕೋರು ಒದ್ದೆಯಾದ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಅಂಗಳದ ಹಗ್ಗದ ಮೇಲೆ ಹಾಕಲು ಹೊರಟಿದ್ದರು. ಬಿಡಿಸಿದ ಕಡೆ ಹಾಳೆ ಹರಿಯುತ್ತಿತ್ತು. ನಾನು ಅವರ ಎರಡೂ ಕೈ ಹಿಡಿದು ನಿಲ್ಲಿಸಿದೆ.

"ಬೇಡ ಅಕ್ಕೋರೇ. ಹೀಗೆ ಒಣಗಿಸಿದ್ರೆ ಹರೀತದೆ, ಅಂಟ್ಕೊಳ್ತದೆ."

"ಮತ್ತೆ ಎಂತ ಮಾಡುದು? ಹೀಗೇ ಬಿಟ್ರೆ ನಾಳೆಗೆ ಬೂಸ್ಟು."

ಅವರ ಮಾತು ಸರಿಯೇ. ಆಗಸ್ಟ್ ತಿಂಗಳ ಹವೆ. ಚಪ್ಪಲಿಗೂ ಬೂಸ್ಟು ಹಿಡಿಯುವ ಕಾಲ. ಆ ರಾಶಿಯನ್ನು ನೆರಳಿನಲ್ಲಿ ಒಂದೊಂದೇ ಹಾಳೆಯಾಗಿ ಒಣಗಿಸಲು ತಿಂಗಳುಗಳು ಬೇಕು. ನಮಗೆ ಇದ್ದದ್ದು ಹೆಚ್ಚೆಂದರೆ ಒಂದೆರಡು ದಿನ. ಅಕ್ಕೋರು ಕುರ್ಚಿಯಲ್ಲಿ ಕೂತು ಅತ್ತರು. ನಾನೂ ಅಳುತ್ತಿದ್ದೆನೋ ಏನೋ, ತಂಗಿ ನಮ್ಮಿಬ್ಬರ ಮುಂದೆ ನಿಂತು ಆಸ್ಪತ್ರೆಯ ದನಿಯಲ್ಲಿ ಹೇಳಿದರು: "ಅಳೂದು ಆಮೇಲೆ. ನೀನು ಕಲ್ತವಳಲ್ದಾ? ಕಲ್ತದ್ದು ಎಂತ, ಅದು ಹೇಳು."

ಕಲಿತದ್ದು ನೆನಪಿತ್ತು. ನೆನೆದ ಕಾಗದವನ್ನು ಕೂಡಲೇ ಹೆಪ್ಪುಗಟ್ಟುವಷ್ಟು ತಂಪಿನಲ್ಲಿ ಇಟ್ಟರೆ ಬೂಸ್ಟು ಬರುವುದಿಲ್ಲ, ಶಾಯಿ ಇನ್ನಷ್ಟು ಹರಡುವುದಿಲ್ಲ. ಕಾಗದ ಇದ್ದ ಸ್ಥಿತಿಯಲ್ಲೇ ನಿಲ್ಲುತ್ತದೆ. ಆಮೇಲೆ ಬೇಕಾದಷ್ಟು ಸಮಯ ತೆಗೆದುಕೊಂಡು, ಸ್ವಲ್ಪ ಸ್ವಲ್ಪವೇ ಹೊರಗೆ ತೆಗೆದು ಒಣಗಿಸಬಹುದು. ಪುಸ್ತಕಗಳಿಗೆ ಹಿಡಿದ ಹುಳ ತಂಪಿಗೆ ಸಾಯಲೆಂದು ನಮ್ಮ ಕೋಣೆಯಲ್ಲೂ ಒಂದು ಸಣ್ಣ ಫ್ರೀಜರ್ ಇತ್ತು. ಆದರೆ ಅದರಲ್ಲಿ ಇಲ್ಲಿಯ ಒಂದು ಪೆಟ್ಟಿಗೆ ಹಿಡಿಸುವುದೂ ಕಷ್ಟ. ಅಷ್ಟು ಕಾಗದಕ್ಕೆ ಕೋಣೆಯೇ ಬೇಕು. ಅಂಥ ಕೋಣೆ ಎಲ್ಲಿದೆ?

ನನಗೆ ನಗು ಬಂತು. ಹುಟ್ಟಿದಾಗಿನಿಂದ ಅಂಥ ಕೋಣೆಗಳ ಪಕ್ಕದಲ್ಲೇ ಬೆಳೆದವಳು ನಾನು. ಅಣ್ಣನಿಗೆ ಫೋನು ಹಚ್ಚಿದೆ.

"ಅಣ್ಣ, ನಿಮ್ಮಲ್ಲಿ ರೂಮು ಎಷ್ಟು ತಂಪು ಇರ್ತದೆ?"

"ಮೈನಸ್ ಹದಿನೆಂಟು. ಎಂತಕ್ಕೆ? ಮೀನು ಬೇಕನಾ?"

"ಮೀನಲ್ಲ. ಕಾಗದ ಇಡ್ಬೇಕು."

ಅಣ್ಣ ಹೊರಗೆ ಬಂದಿರಬೇಕು, ಯಂತ್ರದ ಸದ್ದು ದೂರವಾಯಿತು. "ಎಂತ ಕಾಗ್ದ?"

"ಅಕ್ಕೋರು ಬರೆದದ್ದು. ಎಲ್ಲ ನೀರಲ್ಲಿ ನೆನೆದಿದೆ."

"ನಮ್ಮ ಅಕ್ಕೋರನಾ?"

"ಹೌದು."

"ಹಾಂಗಾರೆ ಗಾಡಿ ಕಳಿಸ್ತೆ. ಸಾಹೇಬ್ರ ಹತ್ರ ನಾ ಮಾತಾಡ್ತೆ. ನೀ ತುಂಬಿ ಇಡು ಮಾರಾಯ್ತಿ, ಹೆದ್ರಬೇಡ."

ಪುಸ್ತಕ ಆಗುವ ಮೊದಲಿನ ಕಾಗದ ಯಾಕೆ ಎಂದು ಅವನು ಈ ಬಾರಿ ಕೇಳಲಿಲ್ಲ.

ಗಾಡಿ ಬರುವ ಮೊದಲು ನಾವು ಮೂವರೂ ಕೈಹಚ್ಚಿದೆವು. ಪೇಟೆಯ ಬೇಕರಿಯವರು ಅಂಗಡಿಯಲ್ಲಿದ್ದ ಬೆಣ್ಣೆ ಕಾಗದವನ್ನೆಲ್ಲ ತೆಗೆದುಕೊಟ್ಟರು. ಹಾಳೆಗಳನ್ನು ಬಿಡಿಸದೆ, ತೆಳ್ಳಗಿನ ಕಟ್ಟುಗಳಾಗಿ ಮಾಡಿ, ನಡುವೆ ಬೆಣ್ಣೆ ಕಾಗದವಿಟ್ಟು, ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿದೆವು. ತಂಗಿಯ ಕೈ ಎಷ್ಟು ಹಗುರ! ಗಾಯಕ್ಕೆ ಪಟ್ಟಿ ಕಟ್ಟಿದ ಕೈ ಅದು. ಅಕ್ಕೋರು ಪ್ರತಿ ಚೀಲದ ಮೇಲೂ ಒಳಗಿರುವುದು ಏನೆಂದು ಮಾರ್ಕರಿನಲ್ಲಿ ಬರೆದರು. ಬರೆಯುತ್ತ ಬರೆಯುತ್ತ ಅವರ ಅಕ್ಷರ ಗಟ್ಟಿಯಾಯಿತು.

ಮೀನಿನ ಗಾಡಿ ಬಂದು ಅಂಗಳದಲ್ಲಿ ನಿಂತಿತು. ಮೀನು ಎಂದೂ ಒಳಗೆ ಬಾರದ ಮನೆ ಅದು. ನಾನು ಸಂಕೋಚದಿಂದ ಹೇಳಿದೆ: "ಚೀಲ ಭದ್ರ ಕಟ್ಟಿದ್ದೇವೆ. ಆದ್ರೂ ಸ್ವಲ್ಪ ವಾಸನೆ ಹತ್ಬಹುದು ಅಕ್ಕೋರೇ."

"ಹತ್ತಲಿ. ನಿಮ್ಮೂರಿಗೆ ಬಂದ ಮೊದಲನೇ ವಾರ ನಾ ಮೂಗು ಮುಚ್ಚಿಕೊಂಡೇ ಪಾಠ ಮಾಡಿದ್ದೆ. ಎರಡನೇ ವಾರ ಮರೆತುಹೋಯ್ತು" ಎಂದು ಅಕ್ಕೋರು ಗಾಡಿಯ ಹತ್ತಿರ ಹೋಗಿ ಒಳಗೆ ಇಣುಕಿ ನೋಡಿದರು. ಚಾಲಕ ತೊಳೆದ ಹೊಸ ಕ್ರೇಟುಗಳನ್ನೇ ತಂದಿದ್ದ. ಅಣ್ಣ ಹಾಗೆಂದು ಹೇಳಿ ಕಳಿಸಿದ್ದನಂತೆ.

ಗಾಡಿಯ ಜೊತೆ ನಾನು ಭಟ್ಕಳಕ್ಕೆ ಹೋದೆ. ದಾರಿಯುದ್ದಕ್ಕೂ ಒಂದೇ ಚಿಂತೆ. ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ಬೋಟುಗಳು ಆಗಷ್ಟೇ ಕಡಲಿಗೆ ಇಳಿದಿದ್ದವು. ಬಲೆಗೆ ಒಳ್ಳೆ ಬಂಗಡೆ ಮೀನು ಬೀಳುತ್ತಿತ್ತು. ಕೋಲ್ಡ್ ಸ್ಟೋರೇಜಿಗೆ ವರ್ಷದಲ್ಲೇ ಹೆಚ್ಚು ಕೆಲಸವಿರುವ ದಿನಗಳು ಅವು. ಅಂಥ ಹೊತ್ತಿನಲ್ಲಿ ಕಾಗದಕ್ಕೆ ಜಾಗ ಕೊಡಿ ಎಂದರೆ ಯಾರು ಕೊಟ್ಟಾರು?

ಸಾಹೇಬರು ಗೇಟಿನ ಹತ್ತಿರವೇ ನಿಂತಿದ್ದರು. ಭಟ್ಕಳದ ನವಾಯತ ಮುಸ್ಲಿಮರು. ಬಹಳ ವರ್ಷ ದುಬೈಯಲ್ಲಿ ದುಡಿದು, ಊರಿಗೆ ಬಂದು ಈ ಕೋಲ್ಡ್ ಸ್ಟೋರೇಜು ಮಾಡಿದವರು. ಮಾತು ಕಡಿಮೆ. ನನ್ನನ್ನು ಸಣ್ಣವಳಿದ್ದಾಗಿನಿಂದ ನೋಡಿದ್ದರು. ಒಂದು ಚೀಲ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಇದು ಅವರು ಕೈಯಲ್ಲೇ ಬರೆದದ್ದಾ ಬೇಟಿ?"

"ಹೌದು ಸಾಹೇಬ್ರೇ. ಎಲ್ಲ ಕೈಬರಹ."

"ನಮ್ಮ ತಂದೆ ಬರೀತಿದ್ರು. ನಮ್ಮ ನವಾಯತಿ ಭಾಷೆಯಲ್ಲಿ, ಶಾಯಿರಿ. ನಾವೆಲ್ಲ ದುಬೈಯಲ್ಲಿದ್ವಿ. ಇಲ್ಲಿ ಹಳೆ ಮನೆ ಒಡೆದು ಹೊಸದು ಕಟ್ಟುವಾಗ ಎಲ್ಲ ಹೋಯ್ತು. ಯಾರೂ ಬೇಕು ಅಂತ ಬಿಸಾಡಿದ್ದಲ್ಲ. ಯಾರೂ ನೋಡ್ಲಿಲ್ಲ." ಚೀಲವನ್ನು ಮೆಲ್ಲಗೆ ಕ್ರೇಟಿನಲ್ಲಿಟ್ಟು ಅಣ್ಣನ ಕಡೆ ತಿರುಗಿದರು. "ಕೊನೆ ರೂಮು ಖಾಲಿ ಮಾಡ್ಸು. ಮಾಲು ಈ ಕಡೆ ರೂಮಿಗೆ ಹಾಕು. ಹಿಡಿಸದಿದ್ರೆ ನಾಳೆ ಬರುವ ಮಾಲು ಇಟ್ಕೊಳ್ಳಿ ಅಂತ ಬೇರೆ ಸ್ಟೋರೇಜಿನವರಿಗೆ ಹೇಳುವ."

ಕೂಲಿಯವರು ಬಂಗಡೆಯ ಪೆಟ್ಟಿಗೆಗಳನ್ನು ಹೊರಗೆ ಎಳೆದರು. ಅಕ್ಕೋರ ಕಥೆಗಳನ್ನು ಒಳಗೆ ಹೊತ್ತರು. ಒಬ್ಬ ಕೇಳಿದ: "ಇದು ಎಂತ ಮಾಲು?" ಅಣ್ಣ ನನ್ನತ್ತ ನೋಡಲಿಲ್ಲ. ಸಹಜವಾಗಿ, ದಿನವೂ ಹೇಳುವ ಮಾತಿನ ಹಾಗೆ ಹೇಳಿದ: "ಇದು ಅಕ್ಕೋರು ಬರೆದ ಕಾಗ್ದ. ಒಂದೇ ಒಂದು ಇರುದು, ಬೇರೆ ಕಡೆ ಎಲ್ಲೂ ಇಲ್ಲ. ಮೆಲ್ಲ ಇಡು."

ನನ್ನ ಕೆಲಸವನ್ನು ಇಷ್ಟು ಚೆನ್ನಾಗಿ ನಾನೂ ಯಾರಿಗೂ ಹೇಳಿರಲಿಲ್ಲ. ದಪ್ಪ ಬಾಗಿಲು ಮುಚ್ಚಿ, ಅಣ್ಣ ಚಿಲಕ ಹಾಕಿದ. ಆ ಬಂದರಿನ ಬಗ್ಗೆ ಬರೆದ ಕಥೆಗಳನ್ನು ಆ ಬಂದರಿನವರೇ ಕಾಯುತ್ತಿದ್ದರು.

ಅಲ್ಲಿಂದ ಮುಂದಿನದು ನಿಧಾನದ ಕೆಲಸ. ಅಣ್ಣ ಭಾನುವಾರಗಳಲ್ಲಿ ಮೀನಿನ ಐಸ್ ಪೆಟ್ಟಿಗೆಯಲ್ಲಿ ಕೆಲವು ಕಟ್ಟುಗಳನ್ನಿಟ್ಟು ಕುಮಟೆಗೆ ತಂದುಕೊಡುತ್ತಿದ್ದ. ನಾನು ಮತ್ತು ಇಬ್ಬರು ವಿದ್ಯಾರ್ಥಿನಿಯರು ಹಿಮ ಕರಗುತ್ತ ಬಂದಂತೆ ಹಾಳೆಗಳನ್ನು ಬಿಡಿಸಿ, ನೀರು ಹೀರುವ ಒತ್ತುಕಾಗದದ ನಡುವೆ ಇಟ್ಟು, ಫ್ಯಾನಿನ ಗಾಳಿಯಲ್ಲಿ ಒಣಗಿಸುತ್ತಿದ್ದೆವು. ಮೊದಲ ಹಾಳೆ ಇಡಿಯಾಗಿ ಬಿಟ್ಟುಕೊಂಡು ಬಂದಾಗ ಮೂವರೂ ಚಪ್ಪಾಳೆ ತಟ್ಟಿದೆವು. ಗ್ರಂಥಾಲಯದಲ್ಲಿ ಓದುತ್ತಿದ್ದವರು ಏನಾಯಿತೆಂದು ಎದ್ದು ಬಂದರು. ಆ ಚಳಿಗಾಲವೂ ಬೇಸಿಗೆಯೂ ಹೀಗೇ ಕಳೆಯಿತು. ವಾಸನೆಯೇನೂ ಹತ್ತಿರಲಿಲ್ಲ.

ಬಾಲ್‌ಪೆನ್ನಿನಲ್ಲಿ ಬರೆದದ್ದು ಬಹುಮಟ್ಟಿಗೆ ಉಳಿದಿತ್ತು. ಶಾಯಿ ಪೆನ್ನಿನಲ್ಲಿ ಬರೆದ ಕೆಲವು ಪುಟಗಳು ಮಾತ್ರ ಗಾಡಿ ಬರುವ ಮೊದಲೇ ಹಾಳಾಗಿದ್ದವು. ನೀಲಿ ಮೋಡದ ಹಾಗಿದ್ದ ಆ ಪುಟಗಳನ್ನು ಓದಿಸಲು ಅಕ್ಕೋರನ್ನು ಕರೆದೆ. ಅವರು ಬಸ್ಸಿನಲ್ಲಿ ಬರುತ್ತಿದ್ದರು, ಕನ್ನಡಕ ಒರೆಸಿಕೊಂಡು ಕೂರುತ್ತಿದ್ದರು. ಅಲ್ಲೊಂದು ಇಲ್ಲೊಂದು ಅಕ್ಷರ ಕಂಡರೂ ಸಾಕು, ಇಡೀ ಸಾಲು ನೆನಪಾಗುತ್ತಿತ್ತು. ನಾನು ಅದನ್ನು ಬೇರೆ ಚೀಟಿಯಲ್ಲಿ ಬರೆದು ಪುಟದ ಜೊತೆ ಇಡುತ್ತಿದ್ದೆ. ಒಂದು ದಿನ ಒಂದು ಪುಟದ ನಡುವೆ ನಿಂತುಬಿಟ್ಟರು.

"ಇಲ್ಲಿ ಎಂತ ಬರೆದಿದ್ದೆ ಅಂತ ಗೊತ್ತಾಗ್ತಾ ಇಲ್ಲ."

ಜೊತೆಗಿದ್ದ ವಿದ್ಯಾರ್ಥಿನಿ ಮೆಲ್ಲಗೆ ಹೇಳಿದಳು: "ಈಗ ತೋಚಿದ್ದು ಹೇಳಿ ಮೇಡಂ. ನಿಮ್ಮದೇ ಕಥೆ ಅಲ್ಲವಾ?"

"ನನ್ನದೇ. ಆದ್ರೆ ಬರೆದವಳಿಗೆ ಆಗ ನಲವತ್ತು ವರ್ಷ. ಅವಳ ಬಾಯಲ್ಲಿ ಈಗ ನಾನು ಮಾತು ತುರುಕುದು ಬೇಡ. ಖಾಲಿ ಬಿಡು."

ಖಾಲಿ ಬಿಟ್ಟೆವು. ಹುಡುಗಿ ಚೀಟಿಯಲ್ಲಿ 'ಲೇಖಕರಿಗೂ ನೆನಪಾಗಲಿಲ್ಲ' ಎಂದು ಬರೆದಳು. ಅಕ್ಕೋರು ಅದನ್ನು ಓದಿ ತುಂಬ ಹೊತ್ತು ನಕ್ಕರು. ತಾವು ಹೊಡೆದು ಹಾಕಿದ್ದನ್ನು ಯಾರೂ ನೋಡಬಾರದೆನ್ನುತ್ತಿದ್ದವರು ಈಗ ತಾವೇ ಹುಡುಗಿಯರನ್ನು ಕರೆದು, "ಇಲ್ಲಿ ನೋಡು, ಎಷ್ಟು ಕೆಟ್ಟದಾಗಿ ಬರೆದಿದ್ದೆ! ಮೂರನೇ ಸಲಕ್ಕೆ ಸರಿಯಾಯ್ತು" ಎಂದು ತೋರಿಸತೊಡಗಿದ್ದರು. ನಾಚಿಕೆಯ ಸಮಾಧಾನ ಮಾಡುವ ಕೆಲಸ ನನಗೆ ಬೀಳಲಿಲ್ಲ.

ಕಳೆದ ವರ್ಷ ಆ ಕಾಗದಗಳನ್ನು ಎಲ್ಲರಿಗೂ ಓದಲು ತೆರೆದೆವು. ಸಣ್ಣ ಕಾರ್ಯಕ್ರಮ. ಅಕ್ಕೋರು ಮೊದಲೇ ಷರತ್ತು ಹಾಕಿದ್ದರು: ವೇದಿಕೆಯ ಮೇಲೆ ತಾವು ಕೂರಬೇಕಾದರೆ ಪಕ್ಕದಲ್ಲಿ ಸಾಹೇಬರೂ ಅಣ್ಣನೂ ಇರಬೇಕು. ಅಣ್ಣ ಒಪ್ಪಲಿಲ್ಲ. ಅಮ್ಮ ಬೈದಳು. ಒಪ್ಪಿದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕುರ್ಚಿಯ ತುದಿಯಲ್ಲಿ ಕೂತು ಬೆವರುತ್ತಿದ್ದ.

ಹೊರಗಿನ ವಿಶ್ವವಿದ್ಯಾಲಯದಿಂದ ಬಂದಿದ್ದ ಒಬ್ಬ ಪ್ರಾಧ್ಯಾಪಕರು ಕಾಗದಗಳನ್ನು ಹಾಳೆಹಾಳೆಯಾಗಿ ತಿರುವಿ ನೋಡಿದ್ದರು. ಅವರು ಮೈಕಿನಲ್ಲೇ ಕೇಳಿದರು: "ಇಷ್ಟು ನೆನೆದ ಸಂಗ್ರಹವನ್ನು ಈ ಸ್ಥಿತಿಯಲ್ಲಿ ಉಳಿಸಿಕೊಂಡಿದ್ದೀರಿ. ಇದನ್ನು ಯಾವ ಪ್ರಯೋಗಾಲಯದಲ್ಲಿ ಮಾಡಿಸಿದಿರಿ?"

ನಾನು ಎದ್ದು ನಿಂತು ಹೇಳಿದೆ: "ಭಟ್ಕಳ ಬಂದರಿನಲ್ಲಿ ಸರ್. ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ."

ಸಭೆ ನಕ್ಕಿತು. ಆಮೇಲೆ, ನಾನು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಯಿತು. ಆಮೇಲೆ ಜೋರಾಗಿ ಚಪ್ಪಾಳೆ. ಅಕ್ಕೋರು ಮೈಕನ್ನು ಅಣ್ಣನ ಕಡೆ ದೂಡಿದರು. ಕ್ಲಾಸಿನಲ್ಲಿ ಪದ್ಯ ಹೇಳಲು ಎಬ್ಬಿಸುತ್ತಿದ್ದ ಹಾಗೆಯೇ, "ಎದ್ದು ನಿಂತು ಹೇಳು" ಎಂದರು.

ಅವನು ನಿಂತ. "ನಂಗೆ ಮಾತಾಡುಕೆ ಬರುದಿಲ್ಲ. ಕರೆಂಟು ಹೋದಾಗ ಜನರೇಟರ್ ಹಾಕಿದ್ದೆ. ಸುಮ್ ಸುಮ್ನೆ ಯಾರಿಗೂ ಬಾಗಿಲು ತೆಗೂಕೆ ಬಿಡ್ಲಿಲ್ಲ. ಅಷ್ಟೇ ಮಾಡಿದ್ದು." ಅಮ್ಮನ ಕಡೆ ನೋಡಿ, "ಅಕ್ಕೋರ ಕಥೆಯಲ್ಲಿ ನಮ್ಮಮ್ಮನ ಮಾತು ಉಂಟು. ಅದು ಹೋಗ್ಬಾರ್ದಿತ್ತು" ಎಂದು ಕೂತುಬಿಟ್ಟ.

ಎದುರಿನ ಸಾಲಿನಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಹೇಬರು ಮಾತಾಡಲು ಒಪ್ಪಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬರೇ ಪೆಟ್ಟಿಗೆಗಳ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಹೊರಡುವಾಗ, ಕೋಲ್ಡ್ ಸ್ಟೋರೇಜಿನ ಆ ಕೊನೆಯ ಕೋಣೆಯ ಒಂದು ಬದಿಯ ಹಲಗೆಗಳನ್ನು ಇನ್ನು ಮುಂದೆ ಮೀನಿಗೆ ಬಳಸುವುದಿಲ್ಲ, ಬೇಕಾದಾಗ ಹೇಳು ಬೇಟಿ ಎಂದರು.

ಬೇಕಾಗುತ್ತಲೇ ಇದೆ. ಈ ಜೂನಿನಲ್ಲಿ ಕಾಯ್ಕಿಣಿ ಹಳ್ಳಿಯಿಂದ ಒಬ್ಬ ಹೆಂಗಸು ಫೋನು ಮಾಡಿದಳು. ಅವಳ ಅಜ್ಜ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು, ಹೇಳಬೇಕಾದ ಮಾತುಗಳನ್ನೆಲ್ಲ ಮುಂಚೆ ಬರೆದು ತಿದ್ದುತ್ತಿದ್ದರಂತೆ. ಆ ಕಾಗದಗಳಿಗೆ ಹುಳ ಹಿಡಿದಿದೆ. ಗದ್ದೆ ಕೆಲಸದ ನಡುವೆ ಯಾರಿಗೂ ನೋಡಲು ಪುರುಸೊತ್ತಾಗಿಲ್ಲ.

"ನಿಮ್ಮಲ್ಲಿ ಕಾಗ್ದ ಐಸಿಗೆ ಹಾಕಿ ಉಳಿಸ್ತ್ರು ಗಡ, ಹೌದಾ?"

"ಹೌದು" ಎಂದೆ. "ಯಾವುದನ್ನೂ ಬಿಸಾಡಬೇಡಿ, ಗೀಟು ಹಾಕಿದ್ದನ್ನೂ ಇಡಿ. ಗಾಡಿ ಕಳಿಸುತ್ತೇನೆ."

ಫೋನಿಟ್ಟು ಅಣ್ಣನಿಗೆ ಹಚ್ಚಿದೆ. ಪೂರ್ತಿ ಹೇಳುವ ಮೊದಲೇ ಅವನು ಕೇಳಿದ: "ಒದ್ದೆಯನಾ, ಹುಳದ್ದನಾ?"

"ಹುಳದ್ದು."

"ಆತು. ನಾಳೆ ಬೆಳಿಗ್ಗೆ ನಾನೇ ಹೋಗಿ ತಗಂಡು ಬತ್ತೆ."